ಕಣ್ಣಿನ ಹಂಗಿಲ್ಲದ ವಿಜ್ಞಾನ



ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದವರು ಕೊಪ್ಪಳ ಜಿಲ್ಲೆಯ ಈ ಹೇಮಗುಡ್ಡದ ಸೀಮೆಯಲ್ಲಿ ಸಿಗುವುದು ಕಷ್ಟ. ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಅಲ್ಲಿ ಕಾಣದವರಿಗೆ ಸಂಗೀತ ಕಲಿಸಲು ಕಟ್ಟಿದ ಪರಂಪರೆಯನ್ನು ಪುಟ್ಟರಾಜ ಗವಾಯಿಗಳು (1914–2010) ಮುಂದುವರಿಸಿದರು. ಗುರು ಶಿಷ್ಯರಿಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಪುಟ್ಟರಾಜರು ಹಾಡಿದರು, ಹಲವು ವಾದ್ಯ ನುಡಿಸಿದರು, ನಾಟಕ ಕಂಪನಿ ನಡೆಸಿದರು, ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು. 2010ರಲ್ಲಿ ಪದ್ಮಭೂಷಣ ಪಡೆದರು. ಕಾಣದವರು ರಾಗ ಕಲಿಯುವುದು ಹೇಗೆಂದು ಈ ಭಾಗದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ಇದೇ ಸೀಮೆಯ ಕಾಣದ ಹುಡುಗಿಯೊಬ್ಬಳು ರಸಾಯನಶಾಸ್ತ್ರ ಓದುತ್ತೇನೆಂದು ಹೊರಟರೆ ಮನೆಯವರಿಂದ ಹಿಡಿದು ಹೆಡ್‌ಮಾಸ್ತರರವರೆಗೆ ಎಲ್ಲರಿಗೂ ದಿಗಿಲು. ‘ಪ್ರಯೋಗ ಹೆಂಗ ಮಾಡತೀಯವ್ವಾ’ ಎಂಬ ಪ್ರಶ್ನೆ ಪ್ರೀತಿಯಿಂದಲೇ ಬರುತ್ತದೆ, ಉತ್ತರ ಇಲ್ಲವೆಂಬ ನಂಬಿಕೆಯಿಂದಲೂ ಬರುತ್ತದೆ. ಈ ಉಪನ್ಯಾಸ ಹಿಡಿದಿರುವುದು ಆ ನಂಬಿಕೆಯನ್ನೇ. ಸಂಗೀತ ಅಂಧರಿಗೆ ತಾನಾಗಿ ಒಲಿಯುತ್ತದೆ, ವಿಜ್ಞಾನ ಒಲಿಯುವುದಿಲ್ಲ ಎಂಬುದು ಅರ್ಧ ನೋಡಿ ಆಡಿದ ಮಾತು. ಪುಣ್ಯಾಶ್ರಮದಲ್ಲಿ ಸಂಗೀತ ಯಾರಿಗೂ ತಾನಾಗಿ ಬರಲಿಲ್ಲ. ಅಲ್ಲಿ ಊಟ, ವಸತಿ, ವರ್ಷಗಟ್ಟಲೆ ಸಾಧನೆ, ಕಿವಿಯಿಂದ ಕಿವಿಗೆ ದಾಟಿಸುವ ಪಾಠ, ಕೈಹಿಡಿದು ಸ್ವರಸ್ಥಾನ ತೋರಿಸುವ ಗುರು, ಎಲ್ಲವೂ ಇದ್ದವು. ವಿಜ್ಞಾನಕ್ಕೆ ಅಂಥ ಏರ್ಪಾಡನ್ನು ಈ ನಾಡು ಕಟ್ಟಲಿಲ್ಲ. ಬದಲಿಗೆ ವಿನಾಯಿತಿ ಕೊಟ್ಟಿತು.

ವಿನಾಯಿತಿ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕರ್ನಾಟಕದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗೆ ಪರ್ಯಾಯ ವಿಷಯಗಳ ಅನುಕೂಲವಿದೆ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಹಿಂದೂಸ್ತಾನಿ ಅಥವಾ ಕರ್ನಾಟಕ ಸಂಗೀತ, ಇವು ಆ ಪಟ್ಟಿಯಲ್ಲಿವೆ. ಗಣಿತ ವಿಜ್ಞಾನದ ಪಾಠ ಸರಿಯಾಗಿ ತಲುಪದ ಮಗು ಪರೀಕ್ಷೆಯಲ್ಲಿ ನಪಾಸಾಗಬಾರದೆಂಬ ಕಳಕಳಿಯಿಂದ ಹುಟ್ಟಿದ ನಿಯಮವಿದು. ಕಳಕಳಿಯಲ್ಲಿ ದೋಷ ಹುಡುಕುವಂತಿಲ್ಲ. ಆದರೆ ಇದರ ಪರಿಣಾಮ ಹತ್ತನೇ ತರಗತಿಗೆ ನಿಲ್ಲುವುದಿಲ್ಲ. ಕೊನೆಗೆ ಬಿಡುವ ವಿಷಯವೇ ಆದ ಮೇಲೆ ಎಂಟನೆಯದರಲ್ಲಿ ಅದನ್ನು ಮನಸ್ಸಿಟ್ಟು ಕಲಿಸುವವರು ಯಾರು? ಕಲಿಸುವವರಿಲ್ಲದ ಮೇಲೆ ಬ್ರೈಲ್‌ನಲ್ಲಿ ವಿಜ್ಞಾನದ ಪುಸ್ತಕ ಅಚ್ಚು ಹಾಕಬೇಕೆಂಬ ಒತ್ತಾಯವೂ ಇಲ್ಲ. ಪುಸ್ತಕವಿಲ್ಲದ್ದರಿಂದ ಮಗು ಓದಲಿಲ್ಲ, ಮಗು ಓದದ್ದರಿಂದ ಪುಸ್ತಕ ಬರಲಿಲ್ಲ. ಪಿಯುಸಿ ವಿಜ್ಞಾನದ ಬಾಗಿಲು, ಅದರ ಹಿಂದಿನ ಕಂಪ್ಯೂಟರ್, ಸಂಖ್ಯಾಶಾಸ್ತ್ರ, ಬ್ಯಾಂಕಿನ ಪರೀಕ್ಷೆಯ ಗಣಿತ, ಎಲ್ಲಕ್ಕೂ ಅಲ್ಲಿಗೇ ಅಗಳಿ ಬೀಳುತ್ತದೆ.

ನೆರೆಯ ಆಂಧ್ರದ ಶ್ರೀಕಾಂತ್ ಬೊಲ್ಲಾ ಅವರ ಕಥೆ ಈಗ ಸಿನಿಮಾ ಆಗಿ ಮನೆಮಾತಾಗಿದೆ. ಹತ್ತನೆಯದಾದ ಮೇಲೆ ವಿಜ್ಞಾನ ತೆಗೆದುಕೊಳ್ಳಲು ಅವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅನುಮತಿ ಸಿಕ್ಕ ಮೇಲೆ ಓದಿ, ಅಮೆರಿಕದ ಎಂಐಟಿ ಸೇರಿ, ಮರಳಿ ಬಂದು ಉದ್ಯಮ ಕಟ್ಟಿದರು. ಅವರ ಛಲವನ್ನು ಹೊಗಳುವುದು ಸುಲಭ. ಹದಿನಾರರ ಹುಡುಗ ಭೌತಶಾಸ್ತ್ರದ ಪುಸ್ತಕ ತೆರೆಯಲು ವಕೀಲರನ್ನು ಹಿಡಿಯಬೇಕಾದ ವ್ಯವಸ್ಥೆಯ ಬಗ್ಗೆ ಅಷ್ಟೇ ಮಾತು ಆಗಬೇಕಿತ್ತು.

ಇನ್ನು ‘ಕಣ್ಣಿಲ್ಲದೆ ವಿಜ್ಞಾನವೇ?’ ಎಂಬ ಮೂಲ ಸಂಶಯಕ್ಕೆ ಬರಬಹುದು. ಇದಕ್ಕೆ ಚರಿತ್ರೆ ಮುನ್ನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದೆ. ಇಂಗ್ಲೆಂಡಿನ ನಿಕೊಲಸ್ ಸಾಂಡರ್ಸನ್ ಕೂಸಾಗಿದ್ದಾಗಲೇ ಸಿಡುಬಿನಿಂದ ದೃಷ್ಟಿ ಕಳೆದುಕೊಂಡವನು. ನ್ಯೂಟನ್ ಕೂತಿದ್ದ ಕೇಂಬ್ರಿಜ್‌ನ ಗಣಿತ ಪೀಠಕ್ಕೆ 1711ರಲ್ಲಿ ಬಂದದ್ದು ಅವನೇ. ರಂಧ್ರಗಳ ಹಲಗೆಯಲ್ಲಿ ಗುಂಡುಸೂಜಿ ಚುಚ್ಚಿ ಲೆಕ್ಕ ಮಾಡುತ್ತಿದ್ದ. ತಾನು ಎಂದೂ ನೋಡದ ಬೆಳಕಿನ ಶಾಸ್ತ್ರವನ್ನು ಕಣ್ಣಿದ್ದವರಿಗೆ ಪಾಠ ಹೇಳುತ್ತಿದ್ದ. ಜಿನೀವಾದ ಫ್ರಾನ್ಸ್ವಾ ಹ್ಯೂಬರ್ ಯೌವನದಲ್ಲೇ ಕುರುಡಾದ. ಬರ್ನೆನ್ಸ್ ಎಂಬ ಸಹಾಯಕನ ಕಣ್ಣು, ತನ್ನ ಪ್ರಶ್ನೆ, ಇವೆರಡನ್ನೂ ಜೋಡಿಸಿ ಜೇನಿನ ಸಂಸಾರವನ್ನು ಬಯಲಿಗೆ ತಂದ. ರಾಣಿಜೇನು ಗೂಡಿನೊಳಗಲ್ಲ, ಹೊರಗೆ ಹಾರಾಟದಲ್ಲಿ ಕೂಡುತ್ತದೆಂದು ತೋರಿಸಿದ ಅವನ ಪುಸ್ತಕ ಹೊರಬಂದದ್ದು 1792ರಲ್ಲಿ.

ಇವರಿಬ್ಬರಿಗಿಂತ ಮುಖ್ಯವಾದ ಉದಾಹರಣೆ ನಮ್ಮ ಕಾಲದ್ದೇ. ಗೀರತ್ ವರ್ಮೇಯ್ 1946ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ, ಮೂರನೆಯ ವಯಸ್ಸಿಗೆ ದೃಷ್ಟಿ ಕಳೆದುಕೊಂಡು, ಅಮೆರಿಕದಲ್ಲಿ ಓದಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಪ್ರಾಧ್ಯಾಪಕರಾದವರು. ಅವರ ವಿಷಯ ಸಮುದ್ರದ ಚಿಪ್ಪುಗಳು. ಚಿಪ್ಪನ್ನು ಉಗುರಿನಿಂದ, ಬೆರಳ ತುದಿಯಿಂದ, ಸೂಕ್ಷ್ಮವಾದ ಕಡೆ ಸೂಜಿಯ ಮೊನೆಯಿಂದ ಓದುತ್ತಾರೆ. ಏಡಿ ಒಡೆಯಲು ಹೋಗಿ ಸೋತಾಗ ಚಿಪ್ಪಿನ ಅಂಚು ಮುರಿದು ಮತ್ತೆ ಕೂಡಿ ಒಂದು ಗಾಯದ ಗೆರೆ ಉಳಿಯುತ್ತದೆ. ಅಂಥ ಗುರುತುಗಳನ್ನೂ, ಚಿಪ್ಪಿನ ದಪ್ಪ, ಬಾಯಿಯ ಕಿರಿದುತನ, ಮೈಮೇಲಿನ ಮುಳ್ಳುಗಳನ್ನೂ ಒಂದಕ್ಕೊಂದು ತಾಳೆ ನೋಡಿ, ಬೇಟೆಗಾರ ಬಲಿತಂತೆ ಬೇಟೆಯೂ ಬಲಿಯುತ್ತ ಬಂದ ಕೋಟ್ಯಂತರ ವರ್ಷಗಳ ಪೈಪೋಟಿಯ ಚಿತ್ರವನ್ನು ಅವರು ಕಟ್ಟಿದರು. ಚಿಪ್ಪಿನ ಬಣ್ಣಕ್ಕೆ ಮರುಳಾಗುವ ಅವಕಾಶವೇ ಇಲ್ಲದ ಕೈ ಅದರ ಕಟ್ಟೋಣವನ್ನು ಹಿಡಿಯಿತು. ಇದು ‘ಕೊರತೆಯ ನಡುವೆಯೂ ಸಾಧನೆ’ ಎಂಬ ಮಾಮೂಲಿ ಸನ್ಮಾನಪತ್ರದ ವಾಕ್ಯಕ್ಕೆ ಸಿಗುವ ಸಂಗತಿಯಲ್ಲ. ಸ್ಪರ್ಶ ಇಲ್ಲಿ ಕಣ್ಣಿನ ಬದಲಿಯಾಗಿ ಬಂದಿಲ್ಲ, ಸಂಶೋಧನೆಯ ಸಾಧನವಾಗಿಯೇ ಬಂದಿದೆ.

ಹಾಗಾದರೆ ಕೊಪ್ಪಳದ ಒಬ್ಬ ಅಂಧ ಓದುಗನಿಗೂ ವಿಜ್ಞಾನಕ್ಕೂ ನಡುವೆ ನಿಂತಿರುವುದೇನು? ಮೊದಲನೆಯದು ಅಕ್ಷರ. ಲೂಯಿ ಬ್ರೈಲ್ 1824ರ ಹೊತ್ತಿಗೆ ರೂಪಿಸಿದ ಆರು ಚುಕ್ಕೆಗಳ ಲಿಪಿಯಲ್ಲಿ 63 ಜೋಡಣೆಗಳು ಸಾಧ್ಯ. ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಒಪ್ಪಿತವಾಯಿತು; ಕನ್ನಡದ ಕ ಮತ್ತು ಹಿಂದಿಯ ಕ ಎರಡಕ್ಕೂ ಅಲ್ಲಿ ಒಂದೇ ಚುಕ್ಕೆಜೋಡಣೆ. ಗಣಿತಕ್ಕೆ ಇದು ಸಾಲದು. ಸ್ವತಃ ಅಂಧರಾಗಿದ್ದ ಅಮೆರಿಕದ ಗಣಿತಜ್ಞ ಅಬ್ರಹಾಂ ನೆಮೆತ್ ಕಟ್ಟಿದ ಸಂಕೇತ ಪದ್ಧತಿ 1950ರ ದಶಕದಲ್ಲಿ ಬಳಕೆಗೆ ಬಂದು ಇಂದು ಭಾರತದಲ್ಲೂ ನಡೆಯುತ್ತಿದೆ. ಕಿವಿಯಲ್ಲಿ ಗಣಿತ ಕೇಳುವುದು ಎಷ್ಟು ತೊಡಕೆಂಬುದಕ್ಕೆ ಒಂದೇ ಸಾಲು ಸಾಕು: ‘ಎ ಕೂಡಿಸು ಬಿ ಭಾಗಿಸು ಸಿ’. ಭಾಗಿಸಬೇಕಾದ್ದು ಬಿ ಒಂದನ್ನೋ, ಎ ಮತ್ತು ಬಿಯ ಮೊತ್ತವನ್ನೋ? ಕಣ್ಣಿಗೆ ಅಡ್ಡಗೆರೆ ಹೇಳುವ ಮಾತನ್ನು ಕಿವಿಗೆ ‘ಭಿನ್ನರಾಶಿ ಶುರು, ಭಿನ್ನರಾಶಿ ಮುಗಿಯಿತು’ ಎಂದು ಬಿಡಿಸಿ ಹೇಳಬೇಕು. ಸಮೀಕರಣವನ್ನು ಚಿತ್ರವಾಗಿ ಅಂಟಿಸಿದ ಪುಸ್ತಕದಲ್ಲಿ ಪರದೆ ಓದುವ ತಂತ್ರಾಂಶ ‘ಚಿತ್ರ’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗಿಬಿಡುತ್ತದೆ.

ಪರದೆ ಓದುವ ತಂತ್ರಾಂಶಗಳಿಂದ ಆದ ಉಪಕಾರ ಸಣ್ಣದಲ್ಲ. ಆಸ್ಟ್ರೇಲಿಯಾದ ಅಂಧ ಯುವಕರಿಬ್ಬರು 2006ರಲ್ಲಿ ಶುರುಮಾಡಿದ ಎನ್‌ವಿಡಿಎ ಪುಕ್ಕಟೆಯಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಅದು ಓದಬೇಕಾದ ಕನ್ನಡ ಯುನಿಕೋಡ್‌ನಲ್ಲಿರಬೇಕು. ಈ ಮಾತು ತಾಂತ್ರಿಕವೆನಿಸಿದರೂ ಸಭಿಕರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಕನ್ನಡದ ಎಷ್ಟೋ ಪುಸ್ತಕ, ಪತ್ರಿಕೆ, ಸುತ್ತೋಲೆಗಳು ದಶಕಗಳ ಕಾಲ ನುಡಿ ಮುಂತಾದ ಹಳೆಯ ಫಾಂಟುಗಳಲ್ಲಿ ಅಕ್ಷರ ಜೋಡಣೆಯಾದವು. ಈಗಲೂ ಡಿಟಿಪಿ ಅಂಗಡಿಗಳಲ್ಲಿ ಆ ರೂಢಿ ಪೂರ್ತಿ ಹೋಗಿಲ್ಲ. ಆ ಕಡತಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷಿನ ಅಕ್ಷರ ಮತ್ತು ಚಿಹ್ನೆಗಳು. ‘ಕನ್ನಡ’ ಎಂಬ ಪದವೇ ಅಲ್ಲಿ ಪಿ ಎಂಬ ಅಕ್ಷರ, ಬ್ರಿಟಿಷ್ ಪೌಂಡಿನ ಗುರುತು, ಕ್ಯೂ ಎಂಬ ಅಕ್ಷರ, ನಡುನಡುವೆ ಯುರೋಪಿನ ಚಿಹ್ನೆಗಳು, ಹೀಗೆ ಕೂತಿರುತ್ತದೆ. ಯಂತ್ರ ಅದನ್ನೇ ನಿಷ್ಠೆಯಿಂದ ಓದುತ್ತದೆ. ಬೆಳಕಿನ ವಕ್ರೀಭವನದ ಪಾಠ ಕೇಳಲು ಕೂತವನ ಕಿವಿಗೆ ಪೌಂಡು, ಕ್ಯೂ, ಪಿ ಬಂದು ಬೀಳುತ್ತವೆ. ಇದನ್ನು ಯುನಿಕೋಡ್‌ಗೆ ಬದಲಿಸುವ ತಂತ್ರಾಂಶಗಳಿವೆ. ಕಾನೂನಿನ ಅಡ್ಡಿಯೂ ಇಲ್ಲ: 2012ರ ಕಾಪಿರೈಟ್ ತಿದ್ದುಪಡಿ ಅಂಗವಿಕಲರಿಗಾಗಿ ಪುಸ್ತಕವನ್ನು ಓದಬಲ್ಲ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಉಳಿದಿರುವುದು ಪ್ರಕಾಶಕರ ಉದಾಸೀನ ಮಾತ್ರ. ಅದಕ್ಕೆ ಒಪ್ಪಂದದ ಮದ್ದಿಲ್ಲ.

ಎರಡನೆಯ ಅಡ್ಡಿ ಚಿತ್ರ. ಕನ್ನಡದ ವಿಜ್ಞಾನ ಬರಹ ಚಿತ್ರವನ್ನು ಪ್ರೀತಿಸುತ್ತ ಬಂದಿದೆ. ಬಿ.ಜಿ.ಎಲ್. ಸ್ವಾಮಿಯವರು ಹಸುರು ಹೊನ್ನಿಗೆ ಚಿತ್ರಗಳನ್ನು ತಾವೇ ಬರೆದರು. ಚಿತ್ರವಿರಬಾರದೆಂದು ಯಾರೂ ಹೇಳುತ್ತಿಲ್ಲ. ಚಿತ್ರಕ್ಕೆ ಮಾತಿನ ಜೊತೆ ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್‌ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋದಾಗ ಗಂಗಾವತಿಯ ಗದ್ದೆಗಳವರೆಗೆ ಎಲ್ಲರ ಜೀವ ಬಾಯಿಗೆ ಬಂದಿತ್ತು. ಅಂಥ ಹೊತ್ತಿನಲ್ಲಿ ಟಿವಿಯವರು ತೆರೆಯ ಮೇಲೆ ಬಾಣ ಓಡಿಸಿ ‘ಇಲ್ಲಿ ನೋಡಿ, ಹೀಗೆ ಬಂದು, ಹೀಗೆ ಕಿತ್ತುಕೊಂಡಿತು’ ಎಂದರೆ ಕಾಣದ ರೈತನಿಗೆ ದಕ್ಕುವುದು ಎರಡು ‘ಹೀಗೆ’ಗಳಷ್ಟೇ. ಅದನ್ನೇ ಮಾತಿನಲ್ಲಿ ಹೇಳಬಹುದು: ಅಣೆಕಟ್ಟಿನ ನೆತ್ತಿಯಲ್ಲಿ ಸಾಲಾಗಿ 33 ಗೇಟುಗಳು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಹಲಗೆ, ಕಾಲುವೆಯ ತೂಬಿನ ಹಲಗೆಯಂತೆ ಮೇಲೆ ಕೆಳಗೆ ಸರಿಯುವಂಥದ್ದು, ಚೈನಿನಲ್ಲಿ ತೂಗುಹಾಕಿದ್ದು, ಚೈನ್ ಕಡಿದರೆ ಹಲಗೆಗೆ ಹಿಡಿತವಿಲ್ಲ, ಹಿಂದೆ ತುಂಬಿದ ನೀರಿನ ಒತ್ತಡ ಅದನ್ನು ನದಿಗೆ ನೂಕುತ್ತದೆ. ತೂಬು ಮುಟ್ಟಿ ಗೊತ್ತಿರುವ ಯಾರಿಗೂ ಇಷ್ಟರಲ್ಲಿ ಗೇಟು ಅರ್ಥವಾಗುತ್ತದೆ. ಕಣ್ಣಿದ್ದವರಿಗೂ ಬಾಣಗಳಿಗಿಂತ ಚೆನ್ನಾಗಿಯೇ ಅರ್ಥವಾದೀತು.

ಮಾತಿನಲ್ಲಿ ಆಗದ್ದೂ ಇದೆ. ಎಲೆಯ ಅಡ್ಡಛೇದ, ಹೃದಯದ ಕೋಣೆಗಳು, ವಿದ್ಯುನ್ಮಂಡಲ ಇವಕ್ಕೆ ಉಬ್ಬುಗೆರೆಯ ಚಿತ್ರವೇ ಬೇಕು. ಅಂಧರ ಶಾಲೆಗಳಲ್ಲಿ ರಬ್ಬರ್ ಮ್ಯಾಟಿನ ಮೇಲೆ ಜರ್ಮನ್ ಫಿಲ್ಮ್ ಎಂಬ ಪ್ಲಾಸ್ಟಿಕ್ ಹಾಳೆ ಹಾಸಿ ಪೆನ್ನಿನಿಂದ ಒತ್ತಿ ಗೆರೆ ಎಬ್ಬಿಸುತ್ತಾರೆ. ತ್ರಿಕೋನ ಎಂಬುದು ಬೆರಳಿಗೆ ಆಗ ಮೊದಲ ಸಲ ಸಿಗುತ್ತದೆ. ದೊಡ್ಡ ಪ್ರಮಾಣದ ಕೆಲಸವೂ ನಡೆದಿದೆ. ದಿಲ್ಲಿಯ ಐಐಟಿಯಿಂದ ಬೆಳೆದ ರೈಸ್ಡ್ ಲೈನ್ಸ್ ಪ್ರತಿಷ್ಠಾನ ಪಠ್ಯಪುಸ್ತಕಗಳ ಉಬ್ಬುಚಿತ್ರಗಳನ್ನು ತಯಾರಿಸುತ್ತದೆ. ಬೆಂಗಳೂರಿನ ಐಐಐಟಿಯ ನೆರಳಿನಲ್ಲಿ 2017ರಲ್ಲಿ ಹುಟ್ಟಿದ ವಿಷನ್ ಎಂಪವರ್ ಸಂಸ್ಥೆ ಕಾಣದ ಮಕ್ಕಳಿಗೆ ವಿಜ್ಞಾನ, ಗಣಿತ ಕಲಿಸುವ ಬಗೆಯನ್ನು ಶಿಕ್ಷಕರಿಗೇ ಕಲಿಸುತ್ತಿದೆ. ಅದನ್ನು ಕಟ್ಟಿದವರಲ್ಲಿ ಹುಟ್ಟಿನಿಂದಲೇ ಅಂಧರಾದ ವಿದ್ಯಾ ಅವರೂ ಒಬ್ಬರು.

ಮೂರನೆಯದು ಪ್ರಯೋಗ. ಎಲ್ಲರೂ ಸೋಲೊಪ್ಪುವುದು ಇಲ್ಲಿಯೇ. ವಿಚಿತ್ರವೆಂದರೆ ಉತ್ತರ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಅಚ್ಚಾಗಿದೆ. ಆಮ್ಲ ಪ್ರತ್ಯಾಮ್ಲಗಳ ಪಾಠದಲ್ಲಿ ಲಿಟ್ಮಸ್ ಕಾಗದದ ಕೆಂಪು ನೀಲಿಗಳ ಜೊತೆಗೆ ವಾಸನೆಯಿಂದ ಗುರುತಿಸುವ ಸೂಚಕಗಳೂ ಬರುತ್ತವೆ. ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿಯ ಜೊತೆ ಸ್ವಚ್ಛವಾದ ಬಟ್ಟೆಯ ಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ಮರುದಿನ ಒಂದು ಪಟ್ಟಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ, ಇನ್ನೊಂದಕ್ಕೆ ಸಾರರಿಕ್ತ ಸೋಡಿಯಂ ಹೈಡ್ರಾಕ್ಸೈಡಿನ ಕೆಲವು ಹನಿ ಹಾಕಿ, ನೀರಿನಲ್ಲಿ ತೊಳೆದು ಮೂಸಬೇಕು. ಆಮ್ಲ ಬಿದ್ದ ಬಟ್ಟೆಯಲ್ಲಿ ಉಳ್ಳಾಗಡ್ಡಿಯ ಘಾಟು ಉಳಿದಿರುತ್ತದೆ, ಪ್ರತ್ಯಾಮ್ಲ ಬಿದ್ದದ್ದರಲ್ಲಿ ಹೋಗಿರುತ್ತದೆ. ವೆನಿಲ್ಲಾ ಸಾರದ್ದೂ ಇದೇ ಕಥೆ. ಕಾಣದ ಹುಡುಗಿ ಯಾರ ನೆರವೂ ಇಲ್ಲದೆ ಹೇಳಬಲ್ಲ ಫಲಿತಾಂಶವಿದು. ನೆಗಡಿಯಾದವರು ಮಾತ್ರ ಪಕ್ಕಕ್ಕೆ ಸರಿಯಬೇಕು. ಪಠ್ಯದಲ್ಲೇ ಇರುವ ಪಾಠವನ್ನು, ‘ನಿನಗೆ ಆಗದು’ ಎಂದು ಬಿಡಿಸುವ ವ್ಯವಸ್ಥೆ ಆ ಪುಟವನ್ನು ಓದಿದೆಯೇ ಎಂದು ಕೇಳಬೇಕಾಗುತ್ತದೆ.

ವಿದ್ಯುತ್ತಿನ ಪಾಠದಲ್ಲಿ ಬಲ್ಬಿನ ಜಾಗಕ್ಕೆ ಬಜರ್ ಹಾಕಿದರೆ ಮಂಡಲ ಕೂಡಿದ್ದು ಕಿವಿಗೆ ತಿಳಿಯುತ್ತದೆ. ಬಣ್ಣ ಬದಲಾಗುವ ದ್ರಾವಣಕ್ಕೆ ಬೆಳಕಿನ ಸಂವೇದಕ ಇಳಿಬಿಟ್ಟು ಆ ಬದಲಾವಣೆಯನ್ನು ಸ್ವರದ ಏರಿಳಿತವಾಗಿ ಕೇಳಿಸುವ ಉಪಕರಣವನ್ನು ಅಮೆರಿಕದ ಅಂಧ ರಸಾಯನಶಾಸ್ತ್ರಜ್ಞ ಕ್ಯಾರಿ ಸುಪಾಲೊ ಮತ್ತು ಸಂಗಡಿಗರು ಮಾಡಿದ್ದಾರೆ. ಅಂಕಿಅಂಶವನ್ನು ನಾದಕ್ಕೆ ತಿರುಗಿಸುವ ಈ ಕ್ರಮ ಖಗೋಳಕ್ಕೂ ಏರಿದೆ. ಪೋರ್ಟೊರಿಕೋದ ವಾಂಡಾ ಡಯಾಜ್ ಮರ್ಸೆಡ್ ಓದುವ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಮೇಲೆ ಆಕಾಶಕಾಯಗಳ ದತ್ತಾಂಶವನ್ನು ಕಿವಿಯಿಂದಲೇ ಪರಿಶೀಲಿಸುತ್ತ ಬಂದರು. 2017ರ ಅಮೆರಿಕದ ಸೂರ್ಯಗ್ರಹಣಕ್ಕೆ ಬೆಳಕನ್ನು ಸ್ವರವಾಗಿಸುವ ಲೈಟ್‌ಸೌಂಡ್ ಎಂಬ ಸಣ್ಣ ಯಂತ್ರ ತಯಾರಾಯಿತು. ಸೂರ್ಯ ಮುಚ್ಚಿಕೊಂಡಂತೆ ಸ್ವರ ಇಳಿಯುತ್ತದೆ.

ಈ ಸೀಮೆಗೆ ಗ್ರಹಣದ ನೆನಪು ಬೇರೆಯೇ ಇದೆ. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣದ ನೆರಳು ಅಂಕೋಲಾದ ಕಡೆಯಿಂದ ಹುಬ್ಬಳ್ಳಿ, ಕೊಪ್ಪಳ, ರಾಯಚೂರು ಸೀಮೆಗಳ ಮೇಲೆ ಹಾದುಹೋಯಿತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಸಿಂಧನೂರಿನ ಬಳಿಯ ಜವಳಗೇರಾದಲ್ಲಿ ದೂರದರ್ಶಕ ಹೂಡಿದ್ದರು. ಕಣ್ಣಿದ್ದವರಲ್ಲೇ ಎಷ್ಟೋ ಮಂದಿ ಅಂದು ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತಿದ್ದರು. ಹೊರಗೆ ನಿಂತ ಅಂಧನೊಬ್ಬನಿಗೆ ಬಿಸಿಲಿನ ಕಾವು ಚರ್ಮದಿಂದ ಇಳಿಯುವುದು, ಹಕ್ಕಿಗಳು ಗೂಡಿಗೆ ಮರಳುವ ಗದ್ದಲ, ನಿಮಿಷಗಳಲ್ಲಿ ಮತ್ತೆ ಕಾವು ಏರುವುದು, ಒಳಗೆ ಕೂತವರಿಗಿಂತ ಹೆಚ್ಚೇ ಗೊತ್ತಾಗುವಂತಿತ್ತು.

ಮಂದದೃಷ್ಟಿಯವರ ಮಾತು ಬೇರೆ, ಅದನ್ನು ಅಂಧರ ಲೆಕ್ಕಕ್ಕೆ ಸೇರಿಸಿ ಮರೆಯುವುದೇ ವಾಡಿಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು, ಕನ್ನಡಕ ಮುಂತಾದವುಗಳಿಂದ ದೃಷ್ಟಿ ತಿದ್ದಿದ ಮೇಲೂ ಎರಡರಲ್ಲಿ ಒಳ್ಳೆಯ ಕಣ್ಣಿನ ದೃಷ್ಟಿ 6/18ನ್ನು ಮೀರದೆ 3/60ರವರೆಗೆ ಇದ್ದರೆ ಮಂದದೃಷ್ಟಿಯೆಂದೂ, 3/60ಕ್ಕಿಂತ ಕಡಿಮೆಯಾದರೆ ಅಂಧತ್ವವೆಂದೂ ಗೆರೆ ಎಳೆದಿದೆ. ಮಂದದೃಷ್ಟಿಯವರಿಗೆ ಬ್ರೈಲ್ ಕೊಟ್ಟರೆ ಪ್ರಯೋಜನ ಕಡಿಮೆ. ದಪ್ಪ ಅಕ್ಷರ, ಕಪ್ಪು ಬಿಳುಪಿನ ಸ್ಪಷ್ಟ ಅಂತರ, ಹೊಳೆಯದ ಕಾಗದ, ಮುಂದಿನ ಬೆಂಚು ಬೇಕು. ನಕ್ಷೆಯಲ್ಲಿ ತಿಳಿಹಸಿರಿನ ಪಕ್ಕ ತಿಳಿಹಳದಿ ಹಚ್ಚುವ ಚೆಂದದ ಹವ್ಯಾಸವನ್ನು ಮುದ್ರಕರು ಬಿಟ್ಟರೆ ಅರ್ಧ ಕೆಲಸವಾಯಿತು.

ಇಷ್ಟೆಲ್ಲ ಕೇಳಿದ ಮೇಲೆ, ಇದು ಬೆಂಗಳೂರು, ಬಾಸ್ಟನ್‌ಗಳ ಮಾತು, ನಮ್ಮಲ್ಲೇನಿದೆ ಎಂದು ಸಭಿಕರಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಹೇಮಗುಡ್ಡದ ಸುತ್ತಣ ಬಂಡೆಗಳಿಂದಲೇ ಶುರುಮಾಡಬಹುದು. ಈ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಹೊಸದಾಗಿ ಒಡೆದ ತುಂಡನ್ನು ಕೈಯಲ್ಲಿ ಹಿಡಿದರೆ ನುಣುಪಾದ ಮುಖಗಳ ಫೆಲ್ಡ್‌ಸ್ಪಾರ್, ಗಾಜಿನಂತೆ ಚೂಪಾದ ಕ್ವಾರ್ಟ್ಜ್, ಉಗುರಿಗೆ ಪದರು ಪದರಾಗಿ ಏಳುವ ಅಭ್ರಕ ಬೇರೆಬೇರೆಯಾಗಿಯೇ ತಿಳಿಯುತ್ತವೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಬ್ಬಿಣ ಯುಗದ ನೂರಾರು ಕಲ್ಮನೆಗಳಿವೆ. 1835ರಲ್ಲಿ ಮೆಡೋಸ್ ಟೇಲರ್ ಅವುಗಳ ಬಗ್ಗೆ ಬರೆದ. ಸ್ಥಳೀಯರಿಗೆ ಅವು ಮೋರ್ಯರ ಮನೆಗಳು. ನಿಲ್ಲಿಸಿದ ಚಪ್ಪಡಿ, ಹೊದಿಸಿದ ಚಪ್ಪಡಿ, ಒಂದು ಗೋಡೆಯಲ್ಲಿ ಕೊರೆದ ದುಂಡು ಕಿಂಡಿ, ಎಲ್ಲವೂ ತೋಳಿನ ಅಳತೆಗೆ ಸಿಗುವಂಥವು. ಅದೇ ಗುಡ್ಡದಲ್ಲಿ ಎತ್ತರದ ಬಂಡೆಯ ಮೇಲೆ ಕೂತ ನಗಾರಿಯ ಆಕಾರದ ದೊಡ್ಡ ಕಲ್ಲಿದೆ. ಬಡಿದರೆ ಅದರ ಸದ್ದು ಕಿಲೋಮೀಟರಿನಾಚೆಗೂ ಕೇಳುತ್ತದೆ. ಕಲ್ಲು ಯಾಕೆ ಮೊಳಗುತ್ತದೆ, ಪಕ್ಕದ ಬಂಡೆ ಯಾಕೆ ಮೊಳಗುವುದಿಲ್ಲ ಎಂಬ ಪ್ರಶ್ನೆಯಲ್ಲಿ ಕಂಪನಶಾಸ್ತ್ರದ ಒಂದು ಅಧ್ಯಾಯವೇ ಇದೆ. ಗುಡ್ಡ ಹತ್ತಿಸುವ ದಾರಿ ಮಾತ್ರ ಕಣ್ಣಿದ್ದವರಿಗೂ ಸಲೀಸಲ್ಲ. ಅದನ್ನು ಮುಚ್ಚಿಟ್ಟು ಪ್ರವಾಸದ ಆಸೆ ಹುಟ್ಟಿಸುವುದು ತರವಲ್ಲ.

ಇನ್ನೂ ಹತ್ತಿರದ ಸಾಧನ ಕಿನ್ನಾಳದಲ್ಲಿದೆ. ಅಲ್ಲಿನ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತಿ, ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಅರೆದ ಕಿಟ್ಟದಿಂದ ತುಂಡುಗಳನ್ನು ಕೂಡಿಸುತ್ತಾರೆ. ದೇವರ ಮೈಮೇಲಿನ ಒಡವೆಗಳನ್ನು ಬೆಣಚುಪುಡಿ ಮತ್ತು ಗೋಂದಿನ ಪಾಕದಿಂದ ಉಬ್ಬಿಸಿ ಎಬ್ಬಿಸುತ್ತಾರೆ. ಉಬ್ಬುಗೆರೆ ಎಳೆಯಲು ತಲೆಮಾರುಗಳಿಂದ ಪಳಗಿದ ಕೈ ಅದು. ಗರುಡನ ರೆಕ್ಕೆ ಬಲ್ಲವರಿಗೆ ಬಾವಲಿಯ ರೆಕ್ಕೆಯ ಎಲುಬು ಕಷ್ಟವಲ್ಲ; ಹೃದಯದ ನಾಲ್ಕು ಕೋಣೆ, ಬಿಚ್ಚಿ ಜೋಡಿಸುವ ಹೂವು, ಗ್ರಹಣದ ಮೂರು ಗೋಳಗಳೂ ಕಷ್ಟವಲ್ಲ. ಕಿನ್ನಾಳದ ಗೊಂಬೆಗೆ ಮಾರುಕಟ್ಟೆ ಹುಡುಕುವ ಯೋಜನೆಗಳು ಸಾಕಷ್ಟು ಆದವು. ಶಾಲೆಗಳಿಗೆ ವರ್ಷವರ್ಷ ಬೇಕಾಗುವ ಸ್ಪರ್ಶ ಮಾದರಿಗಳ ಬೇಡಿಕೆಯನ್ನು ಜಿಲ್ಲಾಡಳಿತ, ಶಿಕ್ಷಣ ಇಲಾಖೆ ಕೈಗೆತ್ತಿಕೊಂಡರೆ ಎರಡು ಕಡೆಯ ಕೊರತೆಯೂ ಒಂದೇ ಖರ್ಚಿನಲ್ಲಿ ತುಂಬುತ್ತದೆ.

ಅಲ್ಲೊಂದು ಎಚ್ಚರ ಬೇಕು. ಕಣ್ಣಿಗೆ ಚೆಂದ ಕಾಣುವ ಮಾದರಿ ಬೆರಳಿಗೆ ಗೋಜಲಾಗಬಹುದು. ಬೆರಳು ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುವುದಿಲ್ಲ, ತುಂಡು ತುಂಡಾಗಿ ಓದಿ ಮನಸ್ಸಿನಲ್ಲಿ ಜೋಡಿಸುತ್ತದೆ. ಗೆರೆಗಳು ಒತ್ತಾಗಿದ್ದರೆ ಎಲ್ಲ ಒಂದೇ ಗಂಟಾಗುತ್ತದೆ. ಹೃದಯದ ಮಾದರಿಯಲ್ಲಿ ರಕ್ತನಾಳಗಳ ಅಲಂಕಾರ ಕಳೆದು ಕೋಣೆ, ಕವಾಟ, ಹರಿವಿನ ದಿಕ್ಕು ಇಷ್ಟನ್ನೇ ಉಳಿಸಬೇಕು. ಎಡ ಬಲಕ್ಕೆ ಬೇರೆ ಬೇರೆ ಒರಟುತನ ಕೊಡಬೇಕು. ಹೆಸರನ್ನು ಬ್ರೈಲ್‌ನಲ್ಲೂ, ಮಂದದೃಷ್ಟಿಯವರಿಗಾಗಿ ದಪ್ಪ ಅಕ್ಷರದಲ್ಲೂ ಬರೆಯಬೇಕು. ಹೀಗೆ ತಯಾರಾದ ಮೊದಲ ಪ್ರತಿಯನ್ನು ಅಧಿಕಾರಿಗಳ ಮೇಜಿಗೆ ಒಯ್ಯುವ ಮೊದಲು ಹತ್ತನೇ ತರಗತಿಯ ಕಾಣದ ಮಕ್ಕಳ ಕೈಗೆ ಕೊಟ್ಟು, ಅವರು ತೆಗೆಯಿರಿ ಎಂದದ್ದನ್ನು ತೆಗೆದು, ಆಮೇಲೆ ನೂರು ಮಾಡಿಸಬೇಕು.